ಕೆಂಪಿನ ಮೇಲೆ ಎರಡು ಬಿಳಿ ಪಟ್ಟಿ

ಮಾರ್ಚ್ 3, ಸೋಮವಾರ

ಈ ಪುಸ್ತಕ ಇವಳು ಕೊಟ್ಟದ್ದು. ವಿಮೆಯವರು ಹಂಚಿದ ಡೈರಿ. ಎರಡು ತಿಂಗಳ ಹಾಳೆ ಖಾಲಿಯೇ ಹೋಗಿವೆ. "ನಿಮ್ಮಣ್ಣನ ಪುರಾಣ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಇದರಲ್ಲಿ ಬರ್ಕೊಳ್ಳಿ, ಇದಕ್ಕೆ ಕಿವಿ ಇಲ್ಲ," ಎಂದಳು ನನ್ನ ಹೆಂಡತಿ. ಸರಿ, ಬರೆಯುತ್ತೇನೆ. ಯಾರೂ ಓದದ ಪುಸ್ತಕವಾದ್ದರಿಂದ ಇದ್ದದ್ದನ್ನು ಇದ್ದ ಹಾಗೆ ಬರೆಯಬಹುದು.

ಇದ್ದದ್ದು ಇಷ್ಟು. ಅಣ್ಣ ನನ್ನ ಜೊತೆ ಮಾತು ಬಿಟ್ಟು ನಾಲ್ಕು ತಿಂಗಳಾಯಿತು. ಇಬ್ಬರೂ ಸೇರಿ ಇಪ್ಪತ್ತಾರು ವರ್ಷದಿಂದ ಒಂದೇ ಷೆಡ್ಡಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುತ್ತಿದ್ದೇವೆ. ಉಜ್ಜುವುದು, ಬಣ್ಣ ತಾಗಬಾರದ ಕಡೆ ಟೇಪು ಹಚ್ಚುವುದು ಅವನ ಪಾಲು. ಬಣ್ಣದ ಗನ್ನು ನನ್ನದು. ಕಳೆದ ನವೆಂಬರಿನಲ್ಲಿ ಮರದ ಡಿಪೋ ಸಾಹುಕಾರರ ಕೆಂಪು ವ್ಯಾನಿಗೆ ಸುತ್ತಲೂ ಬಿಳಿ ಪಟ್ಟಿ ಹೊಡೆಯುವ ಕೆಲಸ ಬಂತು. ಹಳೆಯ ಕೆಂಪಿನ ಮೇಲೆ ಬಿಳಿ ಹೊಡೆಯುವ ಮೊದಲು ಸೀಲರ್ ಹಾಕಬೇಕು. ಇಲ್ಲದಿದ್ದರೆ ಕೆಳಗಿನ ಕೆಂಪು ಮೇಲೆದ್ದು ಬಂದು ಬಿಳಿಯೆಲ್ಲ ಗುಲಾಬಿಯಾಗುತ್ತದೆ. ಆ ಸಲ ಸೀಲರ್ ಹಾಕುವುದು ಹೇಗೋ ತಪ್ಪಿಹೋಯಿತು. ವಾರದೊಳಗೆ ಸಾಹುಕಾರರು ವ್ಯಾನು ವಾಪಸ್ಸು ತಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದರು. ಆ ಗಡಿಬಿಡಿಯಲ್ಲಿ, ಸೀಲರ್ ಅಣ್ಣನ ಕೆಲಸ ಎಂಬ ಮಾತು ನನ್ನ ಬಾಯಿಂದ ಬಂತು. ಅಣ್ಣ ಪಕ್ಕದ ಕಾರಿನ ಹಿಂದೆ ಕೂತು ಉಜ್ಜುತ್ತಿದ್ದ. ಕೇಳಿಸಿಕೊಂಡ. ಸಾಹುಕಾರರು ಅವನನ್ನು ನಿಲ್ಲಿಸಿಕೊಂಡು ಬಾಯಿಗೆ ಬಂದ ಹಾಗೆ ಬೈದರು. ಅವನು ತುಟಿ ಪಿಟಕ್ಕೆನ್ನಲಿಲ್ಲ. ಎರಡು ದಿನ ಒಬ್ಬನೇ ಕೂತು ಪಟ್ಟಿಯನ್ನೆಲ್ಲ ಉಜ್ಜಿ ತೆಗೆದು, ಒಬ್ಬನೇ ಮತ್ತೆ ಹೊಡೆದು ಕೊಟ್ಟ. ಅಲ್ಲಿಂದ ನನ್ನ ಜೊತೆ ಮಾತು ಬಂದ್.

ಒಂದು ಮಾತಿಗೆ ನಾಲ್ಕು ತಿಂಗಳು. ಕಡ್ಡಿಯನ್ನು ಗುಡ್ಡ ಮಾಡುವುದು ಅಂದರೆ ಇದೇ.

ಇವತ್ತು ಮೆಟ್ಟಿಲ ಹತ್ತಿರ ಅತ್ತಿಗೆ ಸಿಕ್ಕಿದರು. ಬಸ್ ಕಂಪನಿಯ ಡಿಪೋದಲ್ಲಿ ಅಣ್ಣನಿಗೆ ಬಣ್ಣದ ಕೆಲಸ ಕೊಡುತ್ತಾರಂತೆ, ಏಪ್ರಿಲ್ ಒಂದಕ್ಕೆ ಸೇರಬೇಕಂತೆ. ಇನ್ನೂ ಹೂಂ ಅಂದಿಲ್ಲ, ಉಹೂಂ ಅಂತಲೂ ಅಂದಿಲ್ಲ ಎಂದರು. ಹೋಗುವುದಿದ್ದರೆ ಹೋಗಲಿ, ಯಾರು ಹಿಡಿದುಕೊಂಡಿದ್ದಾರೆ ಎಂದು ಹೇಳಿ ಹೊರಟೆ. ಬೀದಿಯ ಕೊನೆಗೆ ಹೋದ ಮೇಲೆ ನೋಡಿದರೆ ಎಡಗಾಲಿನ ಚಪ್ಪಲಿ ಬಲಗಾಲಿನಲ್ಲಿತ್ತು.

ಮಾರ್ಚ್ 5, ಬುಧವಾರ

ಹಲ್ಲಿನ ಡಾಕ್ಟರಮ್ಮ ಕಾರು ತಂದರು. ಮೂರು ಬೀದಿ ಆಚೆ ಅವರ ಕ್ಲಿನಿಕ್ಕು. ನನ್ನ ಬಾಯಲ್ಲಿ ಅವರ ಕೈ ಆಡದ ಹಲ್ಲಿಲ್ಲ. ಈ ತಿಂಗಳ ಕೊನೆಗೆ ಕ್ಲಿನಿಕ್ಕು ಮುಚ್ಚುತ್ತಾರಂತೆ. ಇಪ್ಪತ್ತೆರಡು ವರ್ಷದ ಕೆಂಪು ಕಾರು, ಕೊಂಡಾಗಿನ ಬಣ್ಣವೇ ಇನ್ನೂ ಇದೆ. ಅದರ ಮೇಲೆ ಮೂತಿಯಿಂದ ಬಾಲದವರೆಗೆ ಎರಡು ಬಿಳಿ ಪಟ್ಟಿ ಬೇಕು, ಓಟದ ಕಾರುಗಳಿಗೆ ಇರುತ್ತದಲ್ಲ ಹಾಗೆ. "ನಲವತ್ತು ವರ್ಷ ಮರ್ಯಾದೆಯಿಂದ ಬದುಕಿದ್ದಾಯ್ತು. ಇನ್ನು ಸ್ವಲ್ಪ ಪುಂಡಾಟ ಆಡೋಣ ಅಂತ," ಎಂದರು. ಮೂವತ್ತೊಂದನೇ ತಾರೀಖು ಕ್ಲಿನಿಕ್ಕಿಗೆ ಬೀಗ ಹಾಕಿ, ಅದೇ ಕಾರಿನಲ್ಲಿ ತಂಗಿಯ ಮನೆಗೆ ಹೋಗುವುದು ಅವರ ಯೋಜನೆ.

ಈಗಿನ ಕಾರುಗಳಿಗೆ ಮೊದಲು ಬಣ್ಣ, ಆಮೇಲೆ ಮೇಲಿನಿಂದ ಹೊಳಪಿಗೆ ಲ್ಯಾಕರ್. ಈ ಕಾರಿನದು ಹಳೆಯ ಸಿಂಗಲ್ ಸ್ಟೇಜ್ ಬಣ್ಣ. ಬಣ್ಣವೂ ಹೊಳಪೂ ಒಂದೇ ಡಬ್ಬದಿಂದ ಬರುತ್ತದೆ. ಪಟ್ಟಿಗೂ ಅದೇ ಜಾತಿಯದು ಹಾಕಿದರೆ ಹೊಂದುತ್ತದೆ ಎಂದೆ. ಮೇಲೆ ಲ್ಯಾಕರಿನ ಹೊದಿಕೆ ಇರುವುದಿಲ್ಲ, ತಪ್ಪಾದರೆ ಅದರ ಕೆಳಗೆ ಮುಚ್ಚಿಕೊಳ್ಳಲು ಆಗುವುದಿಲ್ಲ ಎಂದೂ ಹೇಳಿದೆ. "ಹಾಗಾದ್ರೆ ತಪ್ಪು ಮಾಡ್ಬೇಡಿ," ಎಂದರು ಡಾಕ್ಟರಮ್ಮ.

ಅಣ್ಣ ಕಾರಿನ ಸುತ್ತ ಒಂದು ಸುತ್ತು ಬಂದ. ಕೆಂಪು, ಬಿಳಿ ಎಂಬ ಮಾತು ಕಿವಿಗೆ ಬಿದ್ದಾಗ ಅವನು ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ. ನೋಡದೆ ಅವನು ನೋಡಲಿಲ್ಲ ಅಂತ ಹೇಗೆ ಗೊತ್ತಾಯಿತು ಎಂದು ಇವಳು ಕೇಳಿದಳು. ಇಂಥವಕ್ಕೆಲ್ಲ ಉತ್ತರ ಕೊಡುತ್ತಾ ಕೂತರೆ ಊಟ ತಣ್ಣಗಾಗುತ್ತದೆ.

ಮಾರ್ಚ್ 6, ಗುರುವಾರ

ಷೆಡ್ಡಿನಲ್ಲಿ ನಮ್ಮಿಬ್ಬರ ಟಪಾಲು ನಡೆಯುವುದು ಮಾಸ್ಕಿಂಗ್ ಟೇಪಿನ ಮೇಲೆ. ಬೆಳಿಗ್ಗೆ ಗನ್ನಿನ ಹಿಡಿಗೆ ಒಂದು ತುಂಡು ಅಂಟಿತ್ತು: "ಥಿನ್ನರ್ ಮುಗಿದಿದೆ." ಯಾರಿಗೆ ಮುಗಿದಿದೆ, ಯಾರು ತರಬೇಕು, ಏನೂ ಇಲ್ಲ. ನಾನು ಅವನ ಬೆಂಚಿಗೆ ಅಂಟಿಸಿದೆ: "ತರಲಾಗುವುದು." ಸರ್ಕಾರಿ ಕಚೇರಿಗಳು ಕೂಡ ಇಷ್ಟು ಮರ್ಯಾದೆಯಿಂದ ಬರೆದುಕೊಳ್ಳುವುದಿಲ್ಲ.

ಮನೆಯಲ್ಲಿ ಅದೂ ಇಲ್ಲ. ಅವನು ಮೇಲಿನ ಮಹಡಿ, ನಾನು ಕೆಳಗೆ. ನಾನು ಹೊರಡುವುದಕ್ಕೆ ಐದು ನಿಮಿಷ ಮುಂಚೆ ಮೆಟ್ಟಿಲ ಮೇಲೆ ಅವನ ಹೆಜ್ಜೆ ಕೇಳುತ್ತದೆ. ಮೊದಲು ಒಟ್ಟಿಗೆ ಹೋಗುತ್ತಿದ್ದೆವು.

ಅವನು ಇಡೀ ದಿನ ಬಾನೆಟ್ಟು ಉಜ್ಜಿದ. ವಾಟರ್ ಪೇಪರ್, ಅಂದರೆ ನೀರಿನಲ್ಲಿ ನೆನೆಸುವ ಉಜ್ಜುಕಾಗದ, ಹಿಡಿದು ಸುತ್ತು ಸುತ್ತು ಉಜ್ಜುವವರೇ ಜಾಸ್ತಿ. ಅವನದು ಉದ್ದುದ್ದ, ಒಂದೇ ಸಮ. ನೀರು ಕೆಂಪಗಾಗಿ ಚರಂಡಿಗೆ ಹೋಗುತ್ತಿತ್ತು.

ಮಾರ್ಚ್ 8, ಶನಿವಾರ

ಅಣ್ಣ ಮಧ್ಯಾಹ್ನದವರೆಗೆ ಬರಲಿಲ್ಲ. ಬಸ್ ಡಿಪೋ ನೋಡಿಕೊಂಡು ಬರಲು ಹೋಗಿದ್ದನಂತೆ. ಅವನಿಲ್ಲದಿದ್ದರೆ ಕೆಲಸ ನಿಲ್ಲುತ್ತದೆಯೇ, ಟೇಪು ನಾನೇ ಹಚ್ಚುತ್ತೇನೆ ಎಂದು ಶುರು ಮಾಡಿದೆ. ಒಂದು ತುದಿ ಕಾರಿನ ಮೂತಿಗೆ ಅಂಟಿಸಿ, ಸುರುಳಿ ಬಿಚ್ಚುತ್ತಾ ಹಿಂದಕ್ಕೆ ಹೋದೆ. ಬಾನೆಟ್ಟಿನ ಮೇಲೆ ಚೆನ್ನಾಗಿಯೇ ಬಂತು. ಮಾಡಿನ ಮೇಲೆ ಸ್ವಲ್ಪ ವಾಲಿತು. ಡಿಕ್ಕಿಯ ಹತ್ತಿರ ಹೋಗಿ ತಿರುಗಿ ನೋಡಿದರೆ, ನಡೆಯುತ್ತಾ ಎತ್ತು ಉಚ್ಚೆ ಹೊಯ್ದ ಗೆರೆ. ಕಿತ್ತೆ. ಮತ್ತೆ ಹಚ್ಚಿದೆ. ಮೂರು ಸಲ ಎತ್ತು ಅದೇ ದಾರಿಯಲ್ಲಿ ಹೋಯಿತು.

ಎರಡು ಗಂಟೆಗೆ ಅಣ್ಣ ಬಂದ. ನೆಲದ ಮೇಲೆ ಟೇಪಿನ ಉಂಡೆಗಳು ಬಿದ್ದಿದ್ದವು. ಒಂದೊಂದಾಗಿ ಎತ್ತಿ ಕಸದ ಡಬ್ಬಕ್ಕೆ ಹಾಕಿ ಊಟಕ್ಕೆ ಕೂತ. ನಗುತ್ತಿದ್ದಾನೋ ಎಂದು ನೋಡಿದೆ, ಬೆನ್ನು ಕಾಣಿಸಿತು ಅಷ್ಟೆ.

ಮಾರ್ಚ್ 10, ಸೋಮವಾರ

ಉದ್ದದ ಟೇಪಿಗೆ ಎರಡು ಜೋಡಿ ಕೈ ಬೇಕು. ಒಬ್ಬ ಮೂತಿಯ ಹತ್ತಿರ ತುದಿ ಹಿಡಿದು ನಿಲ್ಲಬೇಕು. ಇನ್ನೊಬ್ಬ ಬಾಲದ ಹತ್ತಿರ ನಿಂತು, ಗಾಳಿಯಲ್ಲೇ ಎಳೆದು ನೇರ ಮಾಡಿ, ಮೆಲ್ಲಗೆ ಇಳಿಸಬೇಕು. ಕಂಪ್ರೆಸರ್ ಸದ್ದಿನಲ್ಲಿ ಕೂಗಿದರೆ ಕೇಳುವುದಿಲ್ಲವೆಂದು ನಾವು ಮೊದಲಿನಿಂದಲೂ ಟೇಪನ್ನೇ ಎಳೆದು ಹೇಳಿಕೊಳ್ಳುತ್ತೇವೆ. ಒಂದು ಸಲ ಜಗ್ಗಿದರೆ ತಡಿ. ಎರಡು ಸಲ ಜಗ್ಗಿದರೆ ಇಳಿಸು. ಅಲುಗಿಸಿದರೆ ನಿನ್ನ ಕಡೆ ಸೊಟ್ಟಗಿದೆ.

ಅಣ್ಣ ಇವತ್ತು ಬಂದವನೇ ಸುರುಳಿಯ ತುದಿ ಬಿಚ್ಚಿ ನನ್ನ ಕಡೆ ಚಾಚಿ ನಿಂತ. ಹಿಡಿಯದೆ ಇನ್ನೇನು ಮಾಡಲಿ? ಹಿಡಿದೆ. ಅವನು ಕೈಯನ್ನು ನೋಡುವುದೇ ಇಲ್ಲ, ಆ ತುದಿಯನ್ನು ನೋಡುತ್ತಾನೆ. ಮೊದಲನೇ ಗೆರೆಗೆ ಅಲುಗಿಸಿದ. ನನಗೆ ನೇರವಾಗಿಯೇ ಕಂಡಿತ್ತು. ಬಗ್ಗಿ ನೋಡಿದರೆ ಕೂದಲೆಳೆಯಷ್ಟು ಹೊರಗಿತ್ತು. ಸರಿಸಿದೆ. ಎರಡು ಸಲ ಜಗ್ಗಿದ. ಇಳಿಸಿದೆ. ಎರಡು ಪಟ್ಟಿಗೆ ನಾಲ್ಕು ಅಂಚು, ನಾಲ್ಕು ಗೆರೆ, ಮಧ್ಯಾಹ್ನದೊಳಗೆ ಮುಗಿಯಿತು.

ಮಾತು ಬಿಟ್ಟವರು ಇಷ್ಟು ಹೊತ್ತು ಟೇಪು ಹಿಡಿದು ಜಗ್ಗಾಡಬಹುದೇ ಎಂದು ಇವಳು ಕೇಳಿದಳು. ಅದು ಕೆಲಸದ ವಿಷಯ, ಮಾತಲ್ಲ ಎಂದೆ. ಅವಳು ಒಂದು ಥರ ನಕ್ಕಳು.

ಡಿಕ್ಕಿ ಮುಚ್ಚಳದ ಕೀಲು ಸವೆದಿತ್ತು. ಟೇಪನ್ನು ಬ್ಲೇಡಿನಿಂದ ಕತ್ತರಿಸಿ, ಮುಚ್ಚಳ ಬಿಚ್ಚಿ ಅಣ್ಣನ ಬೆಂಚಿನ ಮೇಲೆ ಇಟ್ಟೆವು.

ಮಾರ್ಚ್ 12, ಬುಧವಾರ

ಬಿಳಿ ಬಟ್ಟೆಯನ್ನು ಥಿನ್ನರಿನಲ್ಲಿ ಅದ್ದಿ ಬಾನೆಟ್ಟು ಒರೆಸಿದೆ. ಬಟ್ಟೆ ಕೆಂಪಾಯಿತು. ಇದು ಮೇಲೇಳುವ ಕೆಂಪು, ಸೀಲರ್ ಬೇಕೇ ಬೇಕು. ಹೊಸ ಡಬ್ಬ ತಂದಿದ್ದೆ. ಬಾನೆಟ್ಟು, ಮಾಡು ಎರಡಕ್ಕೂ ಎರಡೆರಡು ಕೈ ಹಾಕಿದೆ. ಉಳಿದದ್ದನ್ನು ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ನವೆಂಬರಿನಿಂದ ನನ್ನ ಸಾಮಾನಿಗೆ ನಾನು ಬೀಗ ಹಾಕುತ್ತೇನೆ.

ಸಂಜೆ ಬೀರುವಿನ ಬಾಗಿಲಿಗೆ ಟೇಪು ಅಂಟಿತ್ತು: "ಡಿಕ್ಕಿ ಮುಚ್ಚಳ ಈ ಕಡೆಯಿಂದ ಆಗುತ್ತದೆ." ಅಂದರೆ ಮುಚ್ಚಳದ ಸೀಲರ್ ಅವನೇ ಹಾಕುತ್ತಾನೆ. ಹಾಕಿಕೊಳ್ಳಲಿ.

ನವೆಂಬರಿನಲ್ಲೂ ಬಟ್ಟೆ ಕೆಂಪಾಗಿತ್ತು. ಯಾಕೋ ಇವತ್ತು ಅದು ನೆನಪಾಯಿತು. ಸಾಹುಕಾರರು ನೆತ್ತಿಯ ಮೇಲೆ ನಿಂತು ಇವತ್ತೇ ಬೇಕು, ಇವತ್ತೇ ಬೇಕು ಎನ್ನುತ್ತಿದ್ದರು. ಅಣ್ಣ ಊಟಕ್ಕೆ ಹೋಗಿದ್ದ. ಸೀಲರ್ ಡಬ್ಬ ತೆರೆಯಲೇ ಇಲ್ಲ.

ಮಾರ್ಚ್ 13, ಗುರುವಾರ

ಏನೂ ವಿಶೇಷವಿಲ್ಲ. ಸೀಲರ್ ಒಣಗುತ್ತಿದೆ.

ಮಾರ್ಚ್ 15, ಶನಿವಾರ

ಬಿಳಿ ಹೊಡೆದೆ. ಮೊದಲನೇ ಕೈ ತೆಳ್ಳಗೆ, ಎರಡನೆಯದು ಸ್ವಲ್ಪ ತುಂಬಿ, ಮೂರನೆಯದು ಒದ್ದೆಯಾಗಿ, ಹರಿಯುವುದಕ್ಕೆ ಒಂದು ಕೂದಲು ಮುಂಚೆ ನಿಲ್ಲುವ ಹಾಗೆ. ಸಿಂಗಲ್ ಸ್ಟೇಜಿನಲ್ಲಿ ಹೊಳಪು ಬರುವುದು ಇಲ್ಲೇ, ಈ ಮೂರನೇ ಕೈಯಲ್ಲೇ. ಕೈ ಅಳುಕಿದರೆ ಒರಟು, ಮರೆತರೆ ಸೋರಿಕೆ. ಇವತ್ತು ಕೈ ಹೇಳಿದ ಹಾಗೆ ಕೇಳಿತು. ಡಿಕ್ಕಿ ಮುಚ್ಚಳಕ್ಕೂ ಅವನ ಬೆಂಚಿನ ಹತ್ತಿರ ಹೋಗಿ ನಾನೇ ಹೊಡೆದೆ. ಅವನು ದೂರ ನಿಂತು ನೋಡುತ್ತಿದ್ದ.

ಬಣ್ಣ ಪೂರ್ತಿ ಗಟ್ಟಿಯಾಗುವ ಮೊದಲೇ ಟೇಪು ಕೀಳಬೇಕು. ತಡವಾದರೆ ಅಂಚು ಚೂರುಚೂರಾಗಿ ಏಳುತ್ತದೆ. ನಾನು ಎಡಗಡೆ, ಅವನು ಬಲಗಡೆ, ಟೇಪನ್ನು ಅದರ ಮೇಲೆಯೇ ಮಡಿಸಿಕೊಂಡು ಮೆಲ್ಲಗೆ ಎಳೆಯುತ್ತಾ ಬಂದೆವು. ಅಂಚು ಬ್ಲೇಡಿನಲ್ಲಿ ಕೊಯ್ದ ಹಾಗೆ ಬಂತು. ನಾಲ್ಕು ಅಂಚಿನಲ್ಲಿ ಒಂದು ಹಲ್ಲಿಲ್ಲ, ಒಂದು ಸೋರಿಕೆಯಿಲ್ಲ. ಅಣ್ಣ ಬಾಲದ ಹತ್ತಿರ ಕೂತು ಒಂದು ಕಣ್ಣು ಮುಚ್ಚಿ ಮೂತಿಯವರೆಗೆ ನೋಡಿದ. ಗಂಟಲಲ್ಲಿ ಒಂದು ಶಬ್ದ ಮಾಡಿದ. ಅದನ್ನು ಮಾತು ಎಂದು ಹಿಡಿಯಲಾಗುವುದಿಲ್ಲ, ಕೆಮ್ಮು ಎಂದೂ ಹೇಳಲಾಗುವುದಿಲ್ಲ.

ಬಹಳ ಸಂತೋಷವಾಯಿತು. ಬರೆದಿಟ್ಟಿರುತ್ತೇನೆ.

ಮಾರ್ಚ್ 19, ಬುಧವಾರ

ಊಟದ ಹೊತ್ತಿಗೆ ಇವಳಿಗೆ ನವೆಂಬರಿನ ವಿಷಯ ಮತ್ತೆ ಹೇಳಿದೆನಂತೆ. ಅವಳೇನೂ ಕೇಳಿರಲಿಲ್ಲ. ಸೀಲರ್ ಹಾಕುವುದು ಯಾರ ಕೆಲಸ ಎಂದು ಎಲ್ಲೂ ಬರೆದಿಟ್ಟಿಲ್ಲ, ಯಾರು ಬೇಕಾದರೂ ಹಾಕಬಹುದು, ಅಣ್ಣನೂ ಹಾಕಬಹುದಿತ್ತು ಎಂದೆ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ. ಇಲ್ಲಿ ಕುಂಬಳಕಾಯಿ ಅಂತ ಕೂಡ ಯಾರೂ ಅಂದಿಲ್ಲ," ಎಂದು ಎದ್ದು ಹೋದಳು.

ಆಯಿತು. ಇದು ಯಾರೂ ಓದದ ಪುಸ್ತಕ. ಅವತ್ತು ಸೀಲರ್ ಹಾಕಲಿಲ್ಲ. ಹಾಕಲಿಲ್ಲ ಅಂದರೆ ನಾನು ಹಾಕಲಿಲ್ಲ. ಬಟ್ಟೆ ಕೆಂಪಾಗಿದ್ದನ್ನು ನೋಡಿದ್ದೆ, ಏನೂ ಆಗುವುದಿಲ್ಲ ಎಂದುಕೊಂಡೆ. ಗನ್ನು ಹಿಡಿದವನೇ ಸೀಲರ್ ಹಾಕುವುದು ಇಪ್ಪತ್ತಾರು ವರ್ಷದ ರೂಢಿ. ಗನ್ನು ನನ್ನ ಕೈಯಲ್ಲಿತ್ತು.

ಆದರೆ ಅದಕ್ಕೆ ನಾಲ್ಕು ತಿಂಗಳು ಮೂತಿ ತಿರುಗಿಸಿಕೊಂಡು ಇರಬೇಕೇ? ಅದು ಬೇರೆ ವಿಷಯ.

ಮಾರ್ಚ್ 22, ಶನಿವಾರ

ಬಾನೆಟ್ಟು ಬಿಳಿ. ಮಾಡು ಬಿಳಿ. ಡಿಕ್ಕಿ ಮುಚ್ಚಳ ಗುಲಾಬಿ.

ಬೆಳಿಗ್ಗೆ ಷೆಡ್ಡಿಗೆ ಕಾಲಿಟ್ಟಾಗಲೇ ಕಂಡಿತು. ಬಲಗಡೆಯ ಪಟ್ಟಿಯಲ್ಲಿ ಮೊದಲು ಮೋಡದಂತೆ, ಸಂಜೆಯ ಹೊತ್ತಿಗೆ ಎರಡರಲ್ಲೂ. ಅಣ್ಣ ಅದರ ಮುಂದೆ ಬಹಳ ಹೊತ್ತು ನಿಂತಿದ್ದ. ಅವನ ಬೆಂಚಿನ ಕೆಳಗೆ ಅವನು ಮುಚ್ಚಳಕ್ಕೆ ಹಾಕಿದ ಸೀಲರಿನ ಡಬ್ಬ ನೋಡಿದೆ. ಹೋದ ವರ್ಷದ ಡಬ್ಬ, ತಳದಲ್ಲಿ ಉಳಿದದ್ದು, ಒಳಗೆ ಗಾಳಿ ಹೋಗಿ ಕೆಟ್ಟಿದೆ. ಕೆಟ್ಟ ಸೀಲರ್ ಹಾಕಿದರೂ ಒಂದೇ, ಹಾಕದಿದ್ದರೂ ಒಂದೇ.

ಹೊಸ ಡಬ್ಬ ನನ್ನ ಬೀರುವಿನಲ್ಲಿತ್ತು. ಕೀಲಿಕೈ ನನ್ನ ಜೇಬಿನಲ್ಲಿತ್ತು. ಕೇಳಿದ್ದರೆ ಕೊಡುತ್ತಿದ್ದೆ. ಕೇಳಬೇಕಾದರೆ ಅವನು ಬಾಯಿ ಬಿಡಬೇಕಿತ್ತು. ಅವನು ಬಿಡಲಿಲ್ಲ, ಕೊಡಲೇ ಎಂದು ನಾನೂ ಬಿಡಲಿಲ್ಲ. ಇಬ್ಬರೂ ಸೇರಿ ಐವತ್ತು ವರ್ಷದ ಅನುಭವ, ಎರಡು ಬಾಯಿ, ಒಂದು ಡಬ್ಬ.

ಮಾರ್ಚ್ 24, ಸೋಮವಾರ

ಇವತ್ತಿನದನ್ನು ಇವತ್ತೇ ಬರೆಯಬೇಕು.

ಹತ್ತು ಗಂಟೆಗೆ ಡಾಕ್ಟರಮ್ಮ ಹೇಳದೆ ಕೇಳದೆ ಬಂದರು. ಬಾನೆಟ್ಟಿನ ಅಂಚಿನ ಮೇಲೆ ಉಗುರು ಆಡಿಸಿ ಭೇಷ್ ಎಂದರು. ಮಾಡು ನೋಡಿ ಭೇಷ್ ಎಂದರು. ಆಮೇಲೆ ಬೆಂಚಿನ ಮೇಲಿನ ಮುಚ್ಚಳ ನೋಡಿದರು. ಕನ್ನಡಕ ಸರಿಮಾಡಿಕೊಂಡು, ಇದು ಹಲ್ಲಿನ ಬಣ್ಣವಲ್ಲ, ವಸಡಿನ ಬಣ್ಣ ಎಂದರು. ಯಾರು ಮಾಡಿದ್ದು ಇದು ಎಂದು ಕೇಳಿದರು.

ಅಣ್ಣ ಅಲ್ಲೇ ಇದ್ದ, ವಾಟರ್ ಪೇಪರ್ ನೀರಿನಲ್ಲಿ ನೆನೆಸುತ್ತಿದ್ದ. ನಾನು ಮುಂದೆ ಬಂದು, ನಾನೇ ಮಾಡಿದ್ದು, ಸೀಲರ್ ಸರಿಯಾಗಿ ಹಾಕಲಿಲ್ಲ, ತಪ್ಪಾಯಿತು ಎಂದೆ. ಹೇಳುವಾಗ ಎದೆ ಉಬ್ಬಿತ್ತು. ಮುಚ್ಚಿಡುವುದೇಕೆ, ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು. ಈಗಲಾದರೂ ನೋಡಿದೆಯಾ ಎನ್ನುವ ಹಾಗೆ ಅಣ್ಣನ ಕಡೆ ತಿರುಗಿದೆ.

"ಸುಳ್ಳು," ಎಂದ.

ನಾಲ್ಕು ತಿಂಗಳಲ್ಲಿ ಅವನ ಮೊದಲ ಮಾತು ಅದು. ಡಾಕ್ಟರಮ್ಮನಿಗೆ ಸಮಾಧಾನವಾಗಿಯೇ ಹೇಳಿದ, ಮುಚ್ಚಳ ತನ್ನ ಕೆಲಸ, ಡಬ್ಬ ಹಳೆಯದು, ನೋಡದೆ ಹಾಕಿದೆ, ಮೂವತ್ತೊಂದರ ಬೆಳಿಗ್ಗೆಗೆ ಸರಿಮಾಡಿ ಕೊಡುತ್ತೇನೆ ಎಂದು. ಅವರು ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿದರು. ನಲವತ್ತು ವರ್ಷ ಬಾಯಿ ನೋಡಿದವರು, ಬಾಯಿ ಯಾವಾಗ ಮುಚ್ಚಿಕೊಳ್ಳಬೇಕೆಂದು ಅವರಿಗೆ ಗೊತ್ತು. ಮೂವತ್ತೊಂದಕ್ಕೆ ಬರುತ್ತೇನೆ ಎಂದು ಹೊರಟರು.

ಅವರು ಹೋದ ಮೇಲೆ ಅಣ್ಣ ಕೈ ಒರೆಸಿಕೊಂಡು ನನ್ನ ಮುಂದೆ ಬಂದು ನಿಂತ. "ಅವತ್ತು ನಿನ್ನ ತಪ್ಪು ನನ್ನ ಮೇಲೆ ಹಾಕಿದೆ. ಇವತ್ತು ನನ್ನ ತಪ್ಪು ನಿನ್ನ ಮೇಲೆ ಎಳ್ಕೊಂಡೆ. ಎರಡೂ ಸುಳ್ಳೇ ಕಣೋ. ಒಂದು ಸುಳ್ಳು ಹೇಳಿ ಇನ್ನೊಂದನ್ನ ವಜಾ ಮಾಡೋಕೆ ಬರಲ್ಲ."

ಹೇಳಿ ಬೆಂಚಿಗೆ ಹೋಗಿ ಗುಲಾಬಿ ಉಜ್ಜತೊಡಗಿದ. ಐದು ಗಂಟೆಗೆ ಹೊರಟ. ಹೇಳುವುದಕ್ಕೆ ನನ್ನ ಹತ್ತಿರ ನಿಜವೊಂದೇ ಉಳಿದಿತ್ತು, ಅದು ನಾಲಿಗೆಗೆ ಬರಲಿಲ್ಲ.

ಮಾರ್ಚ್ 25, ಮಂಗಳವಾರ

ಅತ್ತಿಗೆ ಮೆಟ್ಟಿಲಿಳಿದು ಬಂದು ಹೇಳಿದರು. ಅಣ್ಣ ನಿನ್ನೆ ಷೆಡ್ಡಿನಿಂದ ನೇರ ಬಸ್ ಡಿಪೋಗೆ ಹೋಗಿ ಒಪ್ಪಿಗೆ ಕೊಟ್ಟು ಬಂದನಂತೆ. ಇಷ್ಟು ದಿನ ಕೊಡದೆ ಇದ್ದವನು. "ಏನಾಯ್ತಪ್ಪಾ ನಿನ್ನೆ?" ಎಂದು ಕೇಳಿದರು. ಹೋಗಲಿ ಬಿಡಿ ಎನ್ನಲು ಬಾಯಿ ತೆರೆದೆ, ಬರಲಿಲ್ಲ. ಅವನಿಲ್ಲದ ಷೆಡ್ಡನ್ನು ನಾನು ಯಾವತ್ತೂ ಯೋಚಿಸಿಯೇ ಇರಲಿಲ್ಲ.

ಮಾರ್ಚ್ 26, ಬುಧವಾರ

ಮಧ್ಯಾಹ್ನ ಮರದ ಡಿಪೋಗೆ ಹೋದೆ. ಯಾಕೆ ಹೋದೆನೋ, ಕಾಲು ಹೋಯಿತು. ಸಾಹುಕಾರರು ಹಲಗೆ ಅಳೆಸುತ್ತಿದ್ದರು. ನವೆಂಬರಿನ ವ್ಯಾನಿನ ವಿಷಯ ಎಂದೆ. ಏನು, ಮತ್ತೆ ಗುಲಾಬಿಯಾಯಿತಾ ಎಂದು ಗಾಬರಿಯಾಗಿ ಹೊರಗೆ ಓಡಿದರು. ವ್ಯಾನು ಬೆಳ್ಳಗೆ ನಿಂತಿತ್ತು. ಅಣ್ಣ ಹೊಡೆದದ್ದು, ಇನ್ನೂ ಹತ್ತು ವರ್ಷ ಹಾಗೇ ಇರುತ್ತದೆ.

ಅದರ ಪಕ್ಕದಲ್ಲೇ ನಿಂತು ಹೇಳಿದೆ. ಸೀಲರ್ ಹಾಕದೆ ಹೊಡೆದವನು ನಾನು, ಅಣ್ಣ ಊಟಕ್ಕೆ ಹೋಗಿದ್ದ, ಅವನಿಗೆ ಗೊತ್ತೇ ಇರಲಿಲ್ಲ, ನಿಮ್ಮ ಬೈಗುಳಕ್ಕೆ ಹೆದರಿ ಅವನ ಹೆಸರು ಹೇಳಿದೆ ಎಂದೆ. ಈ ಸಲ ಎದೆ ಉಬ್ಬಲಿಲ್ಲ. ಕಿವಿ ಬಿಸಿಯಾಯಿತು.

ಅವರು ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. ಅಳತೆ ಪಟ್ಟಿ ಮಡಿಸಿದರು. "ನನ್ನ ಹತ್ರ ಯಾಕ್ರೀ ಹೇಳ್ತೀರಿ ಇದನ್ನ? ನನ್ನ ವ್ಯಾನು ಸರಿಯಾಗಿದೆ. ನಾನು ಬೈದದ್ದು ಅವರನ್ನ," ಎಂದರು. ಅಷ್ಟೇ. ಒಳಗೆ ಹೋಗಿ ಮತ್ತೆ ಹಲಗೆ ಅಳೆಸತೊಡಗಿದರು.

ಷೆಡ್ಡಿಗೆ ವಾಪಸ್ಸು ಬಂದೆ. ಅಣ್ಣ ಮುಚ್ಚಳಕ್ಕೆ ಟೇಪು ಹಚ್ಚುತ್ತಿದ್ದ. ಬೀರುವಿನ ಬೀಗ ತೆಗೆದು ಹೊಸ ಸೀಲರ್ ಡಬ್ಬ ಅವನ ಬೆಂಚಿನ ಮೇಲಿಟ್ಟೆ. ಬೀರುವಿಗೆ ಮತ್ತೆ ಬೀಗ ಹಾಕುವುದು ಮರೆತೆ. ಎಲ್ಲಿಗೆ ಹೋಗಿದ್ದೆ ಎಂದು ಹೇಳಲಿಲ್ಲ. ನಾಳೆ ಹೇಳೋಣ ಎನ್ನಿಸಿತು.

ಮಾರ್ಚ್ 28, ಶುಕ್ರವಾರ

ನಿನ್ನೆಯೂ ಹೇಳಲಿಲ್ಲ. ಇವತ್ತು ಹೇಳುವ ಅವಕಾಶ ನನಗೆ ಸಿಗಲಿಲ್ಲ. ಹನ್ನೊಂದು ಗಂಟೆಗೆ ಸಾಹುಕಾರರು ವ್ಯಾನು ನಿಲ್ಲಿಸಿ ಇಳಿದು ಬಂದರು. ನನ್ನ ಕಡೆ ನೋಡಲೂ ಇಲ್ಲ. ನೇರ ಅಣ್ಣನ ಬೆಂಚಿಗೆ ಹೋಗಿ, ಅವತ್ತು ನಿಮ್ಮನ್ನು ಬೀದಿಯಲ್ಲಿ ನಿಲ್ಲಿಸಿ ಬೈದೆ, ತಪ್ಪು ನಿಮ್ಮದಲ್ಲವಂತೆ, ನಿಮ್ಮ ತಮ್ಮ ಬಂದು ಹೇಳಿದರು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ ಎಂದರು. ಅಷ್ಟು ದಪ್ಪ ಮನುಷ್ಯ ಕೈ ಜೋಡಿಸಿಕೊಂಡು ನಿಂತಿದ್ದನ್ನು ನೋಡಿ ನನಗೆ ಗೋಡೆಯೊಳಗೆ ಹೋಗಿಬಿಡೋಣ ಅನ್ನಿಸಿತು. ಮಾಡಬೇಕಾದ್ದು ನಾನು. ಮಾಡಿದ್ದು ಅವರು.

ಅಣ್ಣನೂ ಕೈ ಜೋಡಿಸಿದ. ಅವರನ್ನು ಸ್ಟೂಲಿನ ಮೇಲೆ ಕೂರಿಸಿದ. ಅವರು ಅವನನ್ನು ಕೇಳಿದರು, ನನ್ನ ತಪ್ಪಲ್ಲ ಅಂತ ಅವತ್ತೇ ಒಂದು ಮಾತು ಹೇಳಬಾರದಿತ್ತೇ ಎಂದು.

"ಅದು ನಾನು ಹೇಳೋ ಮಾತಲ್ಲ," ಎಂದ ಅಣ್ಣ. "ಇವನು ಹೇಳ್ತಾನೆ ಅಂತ ಕಾಯ್ತಾ ಇದ್ದೆ. ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ. ದಿನಾ ಬೆಳಿಗ್ಗೆ ಐದು ನಿಮಿಷ ಮುಂಚೆ ಬಂದು ಬಾಗಿಲು ತೆಗ್ದು ಕೂರ್ತಿದ್ದೆ. ಬಂದ ತಕ್ಷಣ ಹೇಳ್ಬಹುದು ಅಂತ."

ನಾನು ಸಿಟ್ಟು ಎಂದುಕೊಂಡಿದ್ದೆ. ನಾಲ್ಕು ತಿಂಗಳೂ ಸಿಟ್ಟು, ಹಟ, ದೊಡ್ಡವನೆಂಬ ಬಿಗುಮಾನ ಎಂದುಕೊಂಡಿದ್ದೆ. ನನಗಿಂತ ಮುಂಚೆಯೇ ಮೂತಿ ತಿರುಗಿಸಿಕೊಂಡು ಹೋಗುತ್ತಾನೆ ಎಂದು ಇವಳಿಗೆ ದೂರು ಹೇಳಿದ್ದೆ. ಅವನು ನನಗೆ ಮೊದಲು ಬಾಯಿ ಬಿಡಲು ಜಾಗ ಬಿಟ್ಟು ಕೂತಿದ್ದ. ಅಳು ಬಂತು. ಥಿನ್ನರ್ ಕಣ್ಣಿಗೆ ತಾಗಿತು ಎಂದು ಮುಖ ತೊಳೆಯಲು ಹೋದೆ. ಥಿನ್ನರ್ ಡಬ್ಬ ಮುಚ್ಚಿತ್ತು, ಅದು ಇಬ್ಬರಿಗೂ ಕಾಣುತ್ತಿತ್ತು.

ಸಾಹುಕಾರರು ಹೋದ ಮೇಲೆ ಹೇಳಿದೆ. "ತಪ್ಪಾಯ್ತು ಅಣ್ಣ. ನಾನೇ ಮಾಡಿದ್ದು, ನಿನ್ನ ಮೇಲೆ ಹಾಕಿದೆ." ಅವನು "ಹೂಂ" ಎಂದ. ಮುಚ್ಚಳಕ್ಕೆ ಬಿಳಿ ಹೊಡೆಯಲು ಗನ್ನು ಸಿದ್ಧವಿದೆಯೇ ಎಂದು ಕೇಳಿದ. ಬಾಯಿಂದಲೇ ಕೇಳಿದ. ಹೊಡೆದೆ.

ಮಾರ್ಚ್ 31, ಸೋಮವಾರ

ಮುಚ್ಚಳ ಮೂರು ದಿನದಿಂದ ಬೆಳ್ಳಗೇ ಇದೆ. ಬೆಳಿಗ್ಗೆ ಜೋಡಿಸಿದೆವು. ಬಾನೆಟ್ಟು, ಮಾಡು, ಡಿಕ್ಕಿ, ಪಟ್ಟಿ ಎಲ್ಲೂ ತುಂಡಾಗದೆ ಹರಿಯಿತು. ಡಾಕ್ಟರಮ್ಮ ಬಂದು ಸುತ್ತಲೂ ನಡೆದು, ಇಬ್ಬರ ಬಾಯಿಯೂ ಈಗ ಕೆಲಸ ಮಾಡುತ್ತಿರುವ ಹಾಗಿದೆ ಎಂದರು. ಅರವತ್ತೈದು ದಾಟಿದ ಹೆಂಗಸು, ಹಿಂದಿನ ಸೀಟಿನ ಮೇಲೆ ಎರಡು ಸೂಟ್‌ಕೇಸು, ಅವರು ಕ್ಲಚ್ಚು ಬಿಟ್ಟ ರಭಸಕ್ಕೆ ಬೀದಿಯ ನಾಯಿಗಳು ಎದ್ದು ದಾರಿ ಬಿಟ್ಟವು. ಆ ಎರಡು ಪಟ್ಟಿ ತಿರುವಿನಲ್ಲಿ ಕಾಣದಾಗುವವರೆಗೂ ಇಬ್ಬರೂ ನಿಂತು ನೋಡಿದೆವು.

ಆಮೇಲೆ ಕೇಳಿದೆ, ನಾಳೆ ಹೋಗಲೇಬೇಕಾ ಎಂದು.

"ಮಾತು ಕೊಟ್ಟಾಗಿದೆ," ಎಂದ.

ಸಿಟ್ಟಿನಲ್ಲಿ ಕೊಟ್ಟದ್ದಲ್ಲವೇ ಎಂದೆ.

"ಸಿಟ್ಟಿನಲ್ಲಿ ಕೊಟ್ರೂ ಮಾತು ಮಾತೇ ಅಲ್ವೇನೋ."

ಇದೇ ಮನುಷ್ಯನನ್ನಲ್ಲವೇ ನಾನು ಸುಳ್ಳು ಹೇಳಿ ಸಾಹುಕಾರರ ಮುಂದೆ ನಿಲ್ಲಿಸಿದ್ದು. ಬೇರೆಯವನಾಗಿದ್ದರೆ ಉಳಿಯುತ್ತಿದ್ದ. ಬೇರೆಯವನಾಗಿದ್ದರೆ ನವೆಂಬರಿನಲ್ಲೇ ನನ್ನ ಕೆನ್ನೆಗೆ ಹೊಡೆದು ಎರಡು ದಿನದಲ್ಲಿ ಮರೆಯುತ್ತಿದ್ದ. ಅವನ ವಾಟರ್ ಪೇಪರ್, ರಬ್ಬರ್ ತುಂಡು, ಬ್ಲೇಡು ಎಲ್ಲ ಒಂದು ಚೀಲಕ್ಕೆ ಹಾಕಿಕೊಂಡ. ಚೀಲ ತುಂಬಲೇ ಇಲ್ಲ. ಇಪ್ಪತ್ತಾರು ವರ್ಷ ಇಷ್ಟು ಸಾಮಾನಿನಲ್ಲಿ ಕೆಲಸ ಮಾಡಿದನೇ ಎಂದು ಆಶ್ಚರ್ಯವಾಯಿತು. ಮನೆಯವರೆಗೆ ಚೀಲ ನಾನು ಹಿಡಿದುಕೊಂಡೆ.

ಏಪ್ರಿಲ್ 1, ಮಂಗಳವಾರ

ಬೆಳಿಗ್ಗೆ ಮೆಟ್ಟಿಲ ಮೇಲೆ ಅವನ ಹೆಜ್ಜೆ ಆರೂವರೆಗೇ ಕೇಳಿತು. ಡಿಪೋ ದೂರ.

ಒಂಬತ್ತಕ್ಕೆ ಒಬ್ಬರು ಬಾಗಿಲು ಗೀಚಿದ ನೀಲಿ ಕಾರು ತಂದರು. ಮೊದಲ ಸಲ ಬಂದವರು, ಯಾರೋ ಹೇಳಿ ಕಳಿಸಿದ್ದಂತೆ. ಇಲ್ಲಿ ಅಣ್ಣ ತಮ್ಮ ಇಬ್ಬರು ಇದ್ದಾರಂತಲ್ಲ, ಅಣ್ಣ ಎಲ್ಲಿ ಎಂದರು. ಅಣ್ಣ ಬಸ್ ಡಿಪೋ ಸೇರಿದ, ನಾನು ಅವನ ಮೇಲೆ ಸುಳ್ಳು ಹೇಳಿದ್ದೆ, ಅದಕ್ಕೆ ಎಂದೆ. ಆ ಮನುಷ್ಯ ಬಂದದ್ದು ಒಂದು ಗೀಚಿಗೆ. ಬಾಗಿಲು ಯಾವಾಗ ಆಗುತ್ತದೆ ಎಂದು ಕೇಳಿದರು. ಗುರುವಾರ ಎಂದೆ. ಉಜ್ಜಲು ಕೂತೆ. ಉದ್ದುದ್ದ ಉಜ್ಜಿದರೆ ಭುಜ ಇಷ್ಟು ನೋಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಸಂಜೆ ಆರಕ್ಕೆ, ಬಾಗಿಲು ಹಾಕುವ ಹೊತ್ತಿಗೆ ಅಣ್ಣ ಬಂದ. ಡಿಪೋದ ಅಂಗಿ ಹಾಕಿಕೊಂಡಿದ್ದ, ತೋಳು ಉದ್ದವಾಗಿತ್ತು. ಸ್ಟೂಲು ಎಳೆದುಕೊಂಡು ಕೂತು ಶುರು ಮಾಡಿದ. ಅಲ್ಲಿ ಬಸ್ಸುಗಳೆಲ್ಲ ಒಂದೇ ಬಣ್ಣವಂತೆ. ಟೇಪು ಹಚ್ಚುವುದು ಯಾರಿಗೂ ಬರುವುದಿಲ್ಲವಂತೆ, ಕಿಟಕಿಗೆ ಕಾಗದ ಅಂಟಿಸಿ ಗಾಜಿಗೂ ಸೇರಿಸಿ ಹೊಡೆಯುತ್ತಾರಂತೆ. ಮೇಸ್ತ್ರಿಗೆ ಅವನಿಗಿಂತ ಇಪ್ಪತ್ತು ವರ್ಷ ಕಡಿಮೆ, ಆದರೂ ಒಳ್ಳೆಯವನಂತೆ. ಊಟದ ಕೋಣೆಯಲ್ಲಿ ಫ್ಯಾನು ತಿರುಗುವುದಿಲ್ಲವಂತೆ. ಒಂದು ಗಂಟೆ ಮಾತಾಡಿದ. ನಾನು ನೀಲಿ ಬಾಗಿಲು ತೋರಿಸಿದೆ, ಎರಡು ಕಡೆ ಒರಟು ಉಳಿದಿದೆ ಎಂದ, ಮುಟ್ಟಿ ತೋರಿಸಿದ. ಮತ್ತೆ ಡಿಪೋದ ವಿಷಯಕ್ಕೆ ಹೋದ.

ಇಪ್ಪತ್ತು ಅಡಿ ದೂರದಲ್ಲಿ ನಾಲ್ಕು ತಿಂಗಳು ಕೂತು ನನ್ನ ಜೊತೆ ಆಡದೆ ಉಳಿಸಿಕೊಂಡಷ್ಟು ಮಾತನ್ನು, ನನ್ನನ್ನು ಬಿಟ್ಟು ಹೋದ ಮೊದಲನೇ ದಿನ ಬಂದು ಆಡಿದ. ಹೊರಡುವಾಗ, ನಾಳೆಯೂ ಇದೇ ಹೊತ್ತಿಗೆ ಬರುತ್ತೇನೆ, ಬಾಗಿಲು ಹಾಕಿಬಿಡಬೇಡ ಎಂದ.

ಆರು ಗಂಟೆಗೆ ಎರಡು ಟೀ ಹೇಳಿಡಬೇಕು.